ಪಾದೋದಕ ಕುಡಿದ ಗಿಡಗಳು

ಕಟ್ಟಿಗೆ ಹಸಿಯೋ ಒಣಗಿದ್ದೋ ಎಂದು ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಎರಡು ತುಂಡು ಒಂದಕ್ಕೊಂದು ಬಡಿದರೆ ಸಾಕು. ಒಣಗಿದ್ದು ಟಣ್ ಎನ್ನುತ್ತದೆ, ಹಸಿಯದು ಮುನಿಸಿಕೊಂಡ ಸೊಸೆಯ ಹಾಗೆ ದುಮ್ಮೆಂದು ಸುಮ್ಮನಾಗುತ್ತದೆ. ಇದನ್ನು ನನಗೆ ಯಾರೂ ಕೂರಿಸಿ ಕಲಿಸಲಿಲ್ಲ. ಹುಮನಾಬಾದಿನಲ್ಲಿ ನಮ್ಮಪ್ಪನ ಕಟ್ಟಿಗೆ ಅಡ್ಡೆ ಇತ್ತು, ನಾನು ಬೆಳೆದದ್ದೇ ಆ ರಾಶಿಗಳ ನಡುವೆ. ನಮ್ಮ ಬೀದರ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅಪ್ಪ ಅಡ್ಡೆಯ ಮುಂದೆ ಉರ್ದು ಹಲಗೆಯ ಕೆಳಗೆ ಕನ್ನಡದ ಹಲಗೆಯೊಂದನ್ನು ಹೊಡೆಸಿದ. ರಾಜ್ಯ ಬದಲಾದರೂ ಜನ ಉಣ್ಣುವುದು ಬಿಡುವುದಿಲ್ಲ, ಕಟ್ಟಿಗೆ ಕೊಳ್ಳುವುದೂ ಬಿಡುವುದಿಲ್ಲ ಎಂದು ಹೇಳಿಕೊಂಡು ನಗುತ್ತಿದ್ದ. ನಮ್ಮ ಮನೆಯ ಒಲೆಗೆ ಮಾತ್ರ ಯಾವಾಗಲೂ ಜಾಲಿಯ ಒಣ ಸೀಳು. ಹೊಗೆ ಎಂದರೆ ಏನೆಂದು ನನಗೆ ಮದುವೆಯಾಗುವವರೆಗೆ ಸರಿಯಾಗಿ ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಕೊಹಿನೂರು ಎಂಬ ಊರಿನ ಆಚೆಯ ಹಳ್ಳಿಗೆ ಸೊಸೆಯಾಗಿ ಹೋದ ಮೇಲೆ. ಹೊಲಮನೆ ಉಳ್ಳ ಲಿಂಗಾಯತರ ಮನೆ, ಹಗೇವಿನ ತುಂಬ ಜೋಳ, ಹಟ್ಟಿಯ ತುಂಬ ದನ. ಆದರೆ ಒಲೆಗೆ ಹಾಕಲು ಗಟ್ಟಿ ಕಟ್ಟಿಗೆ ಇಲ್ಲ. ಆ ಕಪ್ಪು ನೆಲದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಬೆಳೆಯೇ ಬೆಳೆ, ಗಿಡ ಎಂಬುದು ಬದುವಿನ ಮೇಲೆ ಅಲ್ಲೊಂದು ಇಲ್ಲೊಂದು. ಉರಿಸುವುದು ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಮತ್ತೆ ಸಗಣಿಯ ಕುಳ್ಳು. ಮಳೆಗಾಲದಲ್ಲಿ ಅವು ಮೂರೂ ನೆನೆದು ತಣ್ಣಗಾಗಿ ಕೂತಿರುತ್ತಿದ್ದವು. ಮೊದಲ ದಿನ ಒಲೆಯ ಮುಂದೆ ಕೂತು ಊದುಗೊಳವೆ ಊದಿ ಊದಿ ನನ್ನ ಕಣ್ಣು ಮೂಗು ಒಂದಾದವು. ಕಟ್ಟಿಗೆ ವ್ಯಾಪಾರಿಯ ಮಗಳು ಒಲೆ ಹೊತ್ತಿಸಲಾರದೆ ಅಳುತ್ತಾ ಕೂತಿದ್ದಾಳೆ ಎಂದು ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿ ಹೋದರು.

ಆಗ ನನ್ನನ್ನು ಪಕ್ಕಕ್ಕೆ ಸರಿಸಿ ಒಲೆಯ ಮುಂದೆ ಕೂತವಳು ನನ್ನ ನೆಗೆಣ್ಣಿ, ಯಜಮಾನರ ಅಣ್ಣನ ಹೆಂಡತಿ. ನಾನು ಆಕೆಯನ್ನು ಕೊನೆಯವರೆಗೂ ಅಕ್ಕ ಎಂದೇ ಕರೆದೆ. ಎತ್ತರದ ಹೆಂಗಸು, ದೊಡ್ಡ ನಗು, ದೊಡ್ಡ ಕೈ. ರೊಟ್ಟಿ ಬಡಿಯಲು ಕೂತರೆ ಆ ಸಪ್ಪಳ ಓಣಿಯ ಕೊನೆಗೆ ಕೇಳುತ್ತಿತ್ತು. ನನಗೆ ಮೂಗಿನ ಮೇಲೆ ಸಿಟ್ಟು, ಆಕೆಗೆ ತುಟಿಯ ಮೇಲೆ ನಗು. ಅತ್ತೆ ಮಾವ ಇಲ್ಲದ ಆ ಮನೆಯಲ್ಲಿ ನಮ್ಮಿಬ್ಬರಿಗೆ ಒಂದು ದಿನವೂ ಜಗಳ ಬರಲಿಲ್ಲ ಎಂದರೆ ಅದು ಆಕೆಯ ಪುಣ್ಯ, ನನ್ನದಲ್ಲ. ಮನೆಯಲ್ಲಿ ಕೆಲಸ ಹಂಚಿಕೊಂಡಿದ್ದೆವು, ಆದರೆ ರೊಟ್ಟಿಯನ್ನು ಮಾತ್ರ ಆಕೆ ಬಿಟ್ಟುಕೊಡಲಿಲ್ಲ. ಭಾವನವರಿಗೆ ಆಕೆಯ ಕೈರೊಟ್ಟಿಯೇ ಬೇಕು. ನಾನು ಬಡಿದದ್ದನ್ನು ಕೊಟ್ಟರೆ ಏನೂ ಅನ್ನುತ್ತಿರಲಿಲ್ಲ, ಒಂದು ತಿಂದು ಎದ್ದುಬಿಡುತ್ತಿದ್ದರು. ಅದನ್ನು ನೋಡಿ ಆಕೆ ಮರುದಿನ ಮತ್ತೆ ಒಲೆಯ ಮುಂದೆ.

ವರ್ಷಗಳು ಹೋದವು. ಆಕೆಯ ಹೆಣ್ಣುಮಕ್ಕಳು ಮದುವೆಯಾಗಿ ಹೋದರು. ಅಷ್ಟರಲ್ಲಿ ಆಕೆಯ ಕೆಮ್ಮು ಮನೆಯ ಸದ್ದುಗಳಲ್ಲಿ ಒಂದಾಗಿಬಿಟ್ಟಿತ್ತು, ನಾವು ಯಾರೂ ತಿರುಗಿ ನೋಡುತ್ತಿರಲಿಲ್ಲ. ಒಂದು ಚಳಿಗಾಲ ಉಸಿರೇ ಸಿಕ್ಕದಂತಾಗಿ ಬಸವಕಲ್ಯಾಣದ ದವಾಖಾನೆಗೆ ಕರೆದುಕೊಂಡು ಹೋದೆವು. ಡಾಕ್ಟರರು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿ, ದಮ್ಮು ಹತ್ತಿದೆ, ಔಷಧಿ ಕೊಡುತ್ತೇನೆ, ಆದರೆ ಹೊಗೆಯಲ್ಲಿ ಕೂತರೆ ಔಷಧಿ ಏನೂ ಮಾಡುವುದಿಲ್ಲ ಎಂದರು. ಹೊಗೆಯಿಂದ ದೂರ ಇಟ್ಟರೆ ಈಕೆ ಬಹಳ ವರ್ಷ ಇರುತ್ತಾಳೆ ಎಂದೂ ಹೇಳಿದರು. ಭಾವನವರು ಟವೆಲಿನಿಂದ ಮುಖ ಒರೆಸಿಕೊಂಡು, ಒಲೆಯಿಲ್ಲದ ಮನೆ ಎಲ್ಲಿದೆ ಎಂದು ಡಾಕ್ಟರರನ್ನೇ ಕೇಳಿದರು.

ಸರ್ಕಾರದ ಕಟ್ಟಿಗೆ ತೋಪಿನ ಸುದ್ದಿ ಬಂದದ್ದು ಅದರ ಮರುವರ್ಷ, ಎಂಬತ್ತರ ದಶಕ ಶುರುವಾದ ಹೊಸದರಲ್ಲಿ. ಅರಣ್ಯ ಇಲಾಖೆಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದು ಚಾವಡಿಯಲ್ಲಿ ಕೂತರು. ಊರಿನವರು ಗಾಯರಾಣವನ್ನು, ಅಂದರೆ ದನ ಮೇಯುವ ಆ ಬರಡು ನೆಲವನ್ನು ಬಿಟ್ಟುಕೊಟ್ಟರೆ ಸಾಕು. ಸಸಿ, ಗುಂಡಿ ತೋಡುವ ಕೂಲಿ, ಸುತ್ತ ಕಂದಕ, ಕಾವಲುಗಾರನ ಪಗಾರ ಎಲ್ಲ ಸರ್ಕಾರದ್ದು. ಸುಬಾಬುಲ್, ಜಾಲಿ, ಬೇವು ಹಾಕುತ್ತೇವೆ, ಕೆಲವೇ ವರ್ಷಗಳಲ್ಲಿ ಮನೆಮನೆಗೂ ಕಟ್ಟಿಗೆ. ಸುಬಾಬುಲ್ ಕಡಿದಷ್ಟೂ ಚಿಗುರುತ್ತದೆ. ನೆಟ್ಟಗೆ ಬೆಳೆದದ್ದು ಬಡಿಗರಿಗೆ: ಕುಂಟೆ ಕೊಡಲಿಗಳ ಕಾವು, ಹೊರಸಿನ ಕಾಲು, ಶಾಲೆಯ ಬೆಂಚು ಮಾಡಲಿ, ಅದಕ್ಕೊಂದು ಶೆಡ್ಡನ್ನೂ ಮಂಜೂರು ಮಾಡಿಸೋಣ ಎಂದರು. ಮತ್ತೆ ಹೊಗೆ ಹೊರಗೆ ಹೋಗುವ ಕೊಳವೆ ಒಲೆ, ಅದೂ ಸರ್ಕಾರದ ಖರ್ಚಿನಲ್ಲಿ. ದನ ಎಲ್ಲಿ ಮೇಯಬೇಕು ಎಂದು ಊರು ಗದ್ದಲ ಮಾಡಿತು. ಭಾವನವರು ಪಂಚಾಯತಿ ಮೆಂಬರು. ಮನೆಮನೆಗೆ ಹೋಗಿ ಕೂತು, ಬೈಸಿಕೊಂಡು, ಕೈ ಹಿಡಿದು ಎಲ್ಲರನ್ನೂ ಒಪ್ಪಿಸಿದರು. ಯಾಕೆ ಅಷ್ಟು ಓಡಾಡಿದರು ಎಂದು ಅವರು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಿತ್ತು. ಹೆಂಡತಿಯ ಉಸಿರಿಗಾಗಿ ಗಂಡಸೊಬ್ಬ ಒಂದು ಕಾಡನ್ನೇ ಬೆಳೆಸಲು ಹೊರಟದ್ದನ್ನು ನಾನು ಅಲ್ಲೇ ಕಂಡದ್ದು.

ಜೂನಿನ ಮಿರಗದ ಮಳೆ ಬಿದ್ದ ಮೇಲೆ ಸಸಿ ನೆಡುವುದೆಂದಾಯಿತು. ಒಳ್ಳೆಯ ಕೆಲಸ ಗುರುವಿಲ್ಲದೆ ಮಾಡುವುದುಂಟೇ? ನಮ್ಮ ಮನೆತನ ನಡೆದುಕೊಳ್ಳುವ ಮಠದ ಸ್ವಾಮಿಗಳನ್ನು, ನಮ್ಮ ಅಪ್ಪೋರನ್ನು, ಭಾವನವರು ಬಿನ್ನಹ ಮಾಡಿ ಕರೆತಂದರು. ಗಾಯರಾಣದಲ್ಲೇ ಚಪ್ಪರ ಹಾಕಿ ಪಾದಪೂಜೆ ಮಾಡಿದರು. ನಾವು ಹೆಂಗಸರು ಹುಗ್ಗಿ ಮಾಡಿದೆವು. ಗುರುವಿನ ಪಾದ ತೊಳೆದ ಆ ನೀರು, ಪಾದೋದಕ, ನಮ್ಮವರಿಗೆ ಎಂಥದೆಂದು ಹೇಳಬೇಕಾಗಿಲ್ಲ. ಎಲ್ಲರೂ ಅಂಗೈಯಲ್ಲಿ ಇಸಕೊಂಡು ಕಣ್ಣಿಗೆ ಒತ್ತಿಕೊಂಡು ಕುಡಿಯುತ್ತಾರೆ. ಉಳಿದದ್ದನ್ನು ಕಾಲು ಬೀಳುವ ಕಡೆ ಚೆಲ್ಲುವಂತಿಲ್ಲ, ಹಿತ್ತಲಿನ ಬಿಲ್ವಪತ್ರಿ ಗಿಡದ ಬುಡಕ್ಕೇ ಹಾಕಬೇಕು. ಆ ದಿನ ಅಲ್ಲಿ ಪತ್ರಿ ಗಿಡ ಎಲ್ಲಿಂದ ಬರಬೇಕು? ಭಾವನವರು ತಾಮ್ರದ ಕೊಡಪಾನ ಹಿಡಿದು ಒಂದು ಗಳಿಗೆ ಅತ್ತಿತ್ತ ನೋಡಿದರು. ಸಸಿಗಳಿಗೆ ಹಾಕಲು ಬಂಡಿಯ ಮೇಲೆ ಬ್ಯಾರಲ್ಲುಗಳಲ್ಲಿ ನೀರು ತಂದು ನಿಲ್ಲಿಸಿದ್ದರು. ಬಂಡಿ ಏರಿ, ಶರಣು ಎಂದು ಎಲ್ಲ ಬ್ಯಾರಲ್ಲುಗಳಿಗೂ ಇಷ್ಟಿಷ್ಟು ಸುರಿದುಬಿಟ್ಟರು.

ಜನ ಕೈ ಮುಗಿದರು. ಎಂಥ ಬುದ್ಧಿ, ಎಂಥ ಭಕ್ತಿ ಎಂದು ಮುದುಕರು ಕಣ್ಣು ಒರೆಸಿಕೊಂಡರು. ಅಕ್ಕ ನನ್ನ ಪಕ್ಕದಲ್ಲಿ ನಿಂತು, ಇನ್ನು ಒಂದು ಸಸಿಯೂ ಸಾಯುವುದಿಲ್ಲ ನೋಡು ಎಂದಳು. ಹಾಗೇ ಆಯಿತು. ಆ ಬೇಸಿಗೆ ಸುತ್ತಲ ಹಳ್ಳಿಗಳ ತೋಪುಗಳಲ್ಲಿ ಸಸಿಗಳು ಒಣಗಿ ಕಡ್ಡಿಯಾದವು, ನಮ್ಮವು ನಿಂತವು. ಆಗ ನನಗೂ ಬಹಳ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ತೋಪು ಆಳೆತ್ತರ ದಾಟಿ ಬೆಳೆಯುತ್ತಿರುವಾಗಲೇ ಕೊಳವೆ ಒಲೆಯೂ ಬಂತು. ಗೌಂಡಿಯೊಬ್ಬ ಬಂದು ಮಣ್ಣು ಮೆತ್ತಿ, ಚಾವಣಿಗೆ ತೂತು ಹಾಕಿ, ಸಿಮೆಂಟಿನ ಕೊಳವೆ ನಿಲ್ಲಿಸಿದ. ಉರಿಸಿ ತೋರಿಸಲು ಗೇಣುದ್ದದ ಸೀಳುಗಳನ್ನು ತನ್ನ ಚೀಲದಲ್ಲೇ ತಂದಿದ್ದ. ಒಲೆ ಹೊತ್ತಿತು, ಹೊಗೆಯೆಲ್ಲ ಮೇಲೆ ಹೋಯಿತು. ಒಲೆ ಹೊತ್ತಿದೆಯೋ ಇಲ್ಲವೋ ಎಂದು ಅಕ್ಕ ಬಗ್ಗಿ ಬಗ್ಗಿ ನೋಡಿ ನಕ್ಕಳು. ಅಷ್ಟು ಸ್ವಚ್ಛವಾಗಿ ಆಕೆಯ ಮುಖವನ್ನು ನಾನು ಅಡುಗೆಮನೆಯಲ್ಲಿ ಅದೇ ಮೊದಲು ನೋಡಿದ್ದು. ಗೌಂಡಿ ಹೋದ, ಅವನ ಸೀಳುಗಳೂ ಮುಗಿದವು. ನಾವು ತೊಗರಿ ಕಟ್ಟಿಗೆ, ಕುಳ್ಳು ತುರುಕಿದೆವು. ವಾರ ಕಳೆಯುವುದರೊಳಗೆ ಕೊಳವೆಯಲ್ಲಿ ಮಸಿ ಕಟ್ಟಿ, ಹೊಗೆ ಹೋದ ದಾರಿಯಲ್ಲೇ ಹಿಂದಕ್ಕೆ ಬಂತು. ಅಕ್ಕ ಮತ್ತೆ ಹಳೆಯ ಒಲೆಯ ಮುಂದೆ ಕೂತಳು. ತೋಪು ಕಡಿಯಲು ಬರಲಿ, ಆಮೇಲೆ ನೋಡೋಣ ಎಂದಳು.

ಕಡಿಯುವ ದಿನ ಬಂತು. ಇಲಾಖೆಯ ಗಾರ್ಡು ಬಂದು, ಈ ಸಾಲು ಕಡಿಯಬಹುದು ಎಂದು ಸುಣ್ಣದಿಂದ ಗುರುತು ಹಾಕಿದ. ಗಂಡಸರೆಲ್ಲ ಕೊಡಲಿ ಹಿಡಿದು ಹೋದರು. ಹೋದವರು ಹಾಗೇ ನಿಂತರು. ಮೊದಲ ಏಟು ಯಾರು ಹಾಕಬೇಕು? ನೀ ಹಾಕು, ನೀ ಹಾಕು ಎಂದು ಹಿಂದೆ ಸರಿದರು. ಕೊನೆಗೆ ಮುದುಕರೊಬ್ಬರು, ಇವು ಪಾದೋದಕ ಕುಡಿದ ಗಿಡ, ಪತ್ರಿ ಗಿಡಕ್ಕೆ ಯಾರಾದರೂ ಕೊಡಲಿ ಹಾಕುತ್ತಾರೆಯೇ, ಹಾಕಿ ಒಲೆಗೆ ಇಡುತ್ತಾರೆಯೇ ಎಂದರು. ಅಲ್ಲಿಗೆ ಮುಗಿಯಿತು. ಗಾರ್ಡು ಬಡಬಡಿಸಿದ: ಇದನ್ನು ನೆಟ್ಟದ್ದೇ ಒಲೆಗೆ, ಬೇಕಾದರೆ ನಿಮ್ಮ ಅಪ್ಪೋರನ್ನೇ ಕೇಳಿಕೊಂಡು ಬನ್ನಿ. ಕೊಡಲಿಗಳು ಮನೆಗೆ ಬಂದವು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆಮೇಲೆ ಆ ತೋಪಿನೊಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡತೊಡಗಿದರು. ಬಡಿಗರವನು ಒಂದು ಕುಂಟೆ ಕಾವಿಗೆ ನೆಟ್ಟನೆಯ ಗಳ ಕೇಳಿದರೆ ಅವನನ್ನು ಗದರಿಸಿ ಕಳಿಸಿದರು. ಅವನ ಶೆಡ್ಡೂ ಬರಲಿಲ್ಲ. ನಮ್ಮ ಜಾತಿಯಲ್ಲದವರಿಗೂ ಊರ ಹಿರಿಯರ ಮಾತು ಮೀರುವ ಧೈರ್ಯವಿರಲಿಲ್ಲ. ಅವರ ಹೆಂಗಸರು ತೋಪಿನ ಪಕ್ಕದಲ್ಲೇ ಹಾದು ಹೋಗಿ ದೂರದ ಬದುಗಳಲ್ಲಿ ಕಡ್ಡಿ ಆರಿಸಿ ತಲೆ ಮೇಲೆ ಹೊತ್ತು ತರುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಗಿಡ ಕಲ್ಲುಗಳಿಗೆ ಅಡ್ಡ ಬೀಳಬಾರದು ಎಂದು ಕೇಳಿಕೊಂಡೇ ಬೆಳೆದವರು ನಾವು. ಕಲ್ಯಾಣದ ನೆರಳಲ್ಲೇ ಇದ್ದು ಸುಬಾಬುಲ್ಲಿಗೆ ಕೈ ಮುಗಿದೆವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯೂ ಬೇಕಾಗಲಿಲ್ಲ, ನಾವೇ ಸಾಕಾದೆವು. ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಭಾವನವರಿಂದ ಅಪ್ಪೋರನ್ನು ಒಂದು ಮಾತು ಕೇಳಿಸು ಎಂದು ನಾನು ಅಕ್ಕನ ಬೆನ್ನು ಬಿದ್ದೆ. ರೊಟ್ಟಿ ಬಡಿಯುತ್ತಲೇ ಆಕೆ ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ.

"ಅಪ್ಪೋರಿಗಿ ಇಂಥಾದೆಲ್ಲ ಕೇಳ್ತಾರೇನ ತಂಗಿ? ಪ್ರಸಾದ ಕೊಟ್ಟೋರಿಗಿ, ಇದೇನ್ ಮಾಡ್ಬೇಕ್ರಿ ಅಂತ ಕೇಳಿದಂಗ ಆಗ್ತದ."

"ಪ್ರಸಾದ ಕೊಡೋದು ತಿನ್ನಾಕ ಅಲ್ಲೇನಕ್ಕ?" ಎಂದೆ.

ನಿನ್ನ ನಾಲಿಗೆಗೆ ಎಲುಬಿಲ್ಲ ಎಂದು ನಕ್ಕಳು. ಆ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ನಾನು ಬೆನ್ನು ತಿಕ್ಕುತ್ತಾ ಕೂತೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ಒಂದು ಸಲ ಗಾಳಿ ಬೀಸಿ ತೋಪಿನಲ್ಲಿ ಕೊಂಬೆಗಳು ಮುರಿದು ಬಿದ್ದವು. ಕಡಿಯುವುದು ತಪ್ಪಾದರೆ ಬಿದ್ದದ್ದಕ್ಕೆ ಯಾವ ತಪ್ಪು ಎಂದು ನಾನು ಒಂದು ಹೊರೆ ಕಟ್ಟಿ ತಂದು ಹಿತ್ತಲಲ್ಲಿ ಇಟ್ಟೆ. ಒಣಗಿ ಟಣಟಣ ಎನ್ನುತ್ತಿದ್ದ ಕಟ್ಟಿಗೆ. ಅಕ್ಕ ನೋಡಿದಳು. ನನ್ನನ್ನು ಬೈಯಲಿಲ್ಲ. ಆ ಹೊರೆಯನ್ನು ಕಣ್ಣಿಗೆ ಒತ್ತಿಕೊಂಡು, ತಲೆಯ ಮೇಲೆ ಹೊತ್ತು, ನಡುನಡುವೆ ಕೂತು ಉಸಿರು ಎಳೆದುಕೊಳ್ಳುತ್ತಾ ತೋಪಿನ ತನಕ ಹೋಗಿ ಇಳಿಸಿ ಬಂದಳು. ನಾನು ಇಸಕೊಳ್ಳಲು ಹೋದರೆ ಕೊಡಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಭಾವನವರು ಆಕೆ ಹೋದದ್ದನ್ನೂ ನೋಡಿದರು, ಬಂದದ್ದನ್ನೂ ನೋಡಿದರು.

ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವುದಿಲ್ಲ. ಅಷ್ಟು ವರ್ಷಗಳಲ್ಲಿ ನಾನು ಅವರಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ನನ್ನ ಯಜಮಾನರಿಗೆ ಹೇಳಿ ಹೇಳಿ ಸಾಕಾಗಿತ್ತು. ಅವರು ಹುಮನಾಬಾದಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರು, ವಾರಕ್ಕೊಮ್ಮೆ ಊರಿಗೆ ಬರುವವರು, ಅಣ್ಣನ ಎದುರು ಕೆಮ್ಮಲೂ ಅಂಜುವವರು. ಆ ಸಂಜೆ ನಾನು ಸೆರಗು ಮುಂದಕ್ಕೆ ಎಳೆದುಕೊಂಡು, ಬಾಗಿಲ ಮರೆಯಲ್ಲಿ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಕ್ಕನಲ್ಲಿ ಉಸಿರಿಲ್ಲ, ಕೊಳವೆ ಒಲೆಗೆ ಗಟ್ಟಿ ಕಟ್ಟಿಗೆ ಬೇಕು, ಅಪ್ಪೋರನ್ನು ಒಂದು ಮಾತು ಕೇಳಿ ಎಂದೆ.

ಅವರು ಗೋಡೆಯ ಕಡೆ ನೋಡುತ್ತಾ ಹೇಳಿದರು:

"ಅಪ್ಪೋರು ಹೂಂ ಅಂದ್ರ ನಮ್ಮ ಮಾರಿ ನೋಡಿ ಅಂದಂಗ ಆಗ್ತದ. ಬ್ಯಾಡ ಅಂದ್ರ ಇದ್ದ ಆಸೀನೂ ಹೋಗ್ತದ. ಹ್ಯಾಂಗ ಕೇಳಲಿ?"

ಭಕ್ತಿಯೋ ಅಂಜಿಕೆಯೋ ನನಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ. ಮರುದಿನ ಅಕ್ಕನನ್ನು ಒಲೆಯ ಹತ್ತಿರ ಬಿಡಬಾರದೆಂದು ನಾನೇ ರೊಟ್ಟಿ ಬಡಿದೆ. ಭಾವನವರು ಈ ಸಲ ಒಂದು ತಿಂದು ಏಳಲಿಲ್ಲ, ನನಗೆ ಕಾಣುವ ಹಾಗೆ ಎರಡು ತಿಂದರು, ಮೂರು ತಿಂದರು. ಆದರೆ ಅಕ್ಕ ಕಟ್ಟಿಗೆಯ ಹಾಗೆ ಸುಮ್ಮನೆ ಕೂರುವವಳಲ್ಲ. ನಾನು ನೀರಿಗೆ ಹೋದಾಗ, ಹಿಂಡಿ ಕಲಸಲು ಹೋದಾಗ, ಬಂದು ನೋಡಿದರೆ ಒಲೆಯ ಮುಂದೆ ಇರುತ್ತಿದ್ದಳು. ಎದ್ದೇಳು ಎಂದು ನಾನು ಜಬರಿಸುವುದು, ಆಯಿತು ಆಯಿತು ಎಂದು ಆಕೆ ಇನ್ನೊಂದು ರೊಟ್ಟಿ ತಟ್ಟುವುದು, ಹೀಗೆ ಒಂದು ಮಳೆಗಾಲ ಕಳೆಯಿತು.

ಮುಂದಿನ ಚಳಿ ಆಕೆಯನ್ನು ದಾಟಗೊಡಲಿಲ್ಲ. ಬೆಳಗಿನ ಲಿಂಗಪೂಜೆಗೆ ಕೂತವಳು ಏಳಲಿಲ್ಲ. ಉಸಿರು ಎಳೆದುಕೊಳ್ಳುತ್ತಾ ಗೋಡೆಗೆ ಒರಗಿದಳು, ಭಾವನವರು ಬಂದು ಕೈ ಹಿಡಿದರು, ಅಷ್ಟೇ. ನಮ್ಮಲ್ಲಿ ಸುಡುವುದಿಲ್ಲ. ವಿಭೂತಿ ಹಚ್ಚಿ, ಕೂರಿಸಿದ ಹಾಗೇ ಹೊಲದಲ್ಲಿ ಮಣ್ಣು ಕೊಟ್ಟೆವು.

ಮಣ್ಣಾದ ಮೇಲಿನ ಶಿವಗಣಾರಾಧನೆಗೆ ಅಪ್ಪೋರು ಬಂದರು. ಅವರಿಗೂ ವಯಸ್ಸಾಗಿತ್ತು. ಪಡಸಾಲೆಯಲ್ಲಿ ಕೂತು, ತಾಯಿಗೆ ಏನಾಗಿತ್ತು ಎಂದು ವಿಚಾರಿಸಿದರು. ಯಾರೋ ದಮ್ಮು ಎಂದರು, ಹೊಗೆ ಎಂದರು. ಆ ತೋಪು ಬೆಳೆಯಲಿಲ್ಲವೇ ಎಂದು ಅಪ್ಪೋರು ಕೇಳಿದರು. ಬೆಳೆದಿದೆ. ಮತ್ತೆ ಮನೆಯಲ್ಲಿ ಯಾಕೆ ಹೊಗೆ? ಭಾವನವರು ಎದ್ದು ನಿಂತು, ಕೈ ಜೋಡಿಸಿ, ಬಂಡಿ ಏರಿದ್ದು, ಪಾದೋದಕ ಸುರಿದದ್ದು, ಕೊಡಲಿ ಎತ್ತದೆ ಬಂದದ್ದು, ಎಲ್ಲ ಹೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಅಪ್ಪೋರು ಕಣ್ಣು ಮುಚ್ಚಿದರು. ತೆರೆದಾಗ ದನಿ ಬಹಳ ಸಣ್ಣದಾಗಿತ್ತು.

"ನಾ ಬಂದದ್ದೇ ಒಲೀ ಕಟ್ಟಿಗೀ ಗಿಡ ಹಚ್ಚಾಕ. ಕಡೀಬ್ಯಾಡ ಅಂತ ನಾ ಯಾವಾಗ ಅಂದೆ? ಒಬ್ಬರರೆ ಬಂದು ಕೇಳಬಾರದೇನ್ರಪಾ?"

ಊಟಕ್ಕೆ ಎಲೆ ಹಾಕಿದರು.

ಮರುದಿನವೇ ಕೊಡಲಿ ಬಿತ್ತು. ಅಷ್ಟು ವರ್ಷ ಚಪ್ಪಲಿ ಬಿಟ್ಟು ಒಳಗೆ ಹೋದವರೇ ಚಪ್ಪಲಿ ಮೆಟ್ಟಿಕೊಂಡು ಕಡಿದರು, ಓಣಿಗಳ ತುಂಬ ಕಟ್ಟಿಗೆ ಬಂಡಿ. ಹೆಂಗಸರಿಗೆ ಹಬ್ಬ. ಮೊದಲ ಬಂಡಿ ನಮ್ಮ ಮನೆಗೇ ಹೋಗಲಿ ಎಂದು ಊರವರು ತಂದು ಹಾಕಿದರು. ಒಣಗುವವರೆಗೆ ತಡೆದು, ಸೀಳಿ, ಕೊಳವೆಯ ಮಸಿ ಕೆರೆದು, ನಾನು ಆ ಸರ್ಕಾರಿ ಒಲೆಯನ್ನು ಹೊತ್ತಿಸಿದೆ. ನೆಟ್ಟನೆಯ ಉರಿ ಎದ್ದಿತು. ಹೊಗೆ ಮೇಲೆ ಹೋಯಿತು, ಒಂದೆಳೆಯೂ ಹಿಂದೆ ಬರಲಿಲ್ಲ. ನಾನು ರೊಟ್ಟಿ ಬಡಿಯತೊಡಗಿದೆ. ಭಾವನವರು ಊಟಕ್ಕೆ ಬಂದಾಗ ಹೇಳಬೇಕೆಂದು ನಾನು ಮಾತುಗಳನ್ನು ಕೂಡಿಟ್ಟಿದ್ದೆ. ನಿಮ್ಮ ಭಕ್ತಿ ನಿಮ್ಮ ಹೆಂಡತಿಯನ್ನು ತಿಂದಿತು ಎನ್ನಬೇಕೆಂದಿದ್ದೆ. ಭಾವ ಎಂಬ ಮರ್ಯಾದೆ ಇನ್ನು ಯಾರಿಗೆ ಬೇಕು ಎಂದುಕೊಂಡಿದ್ದೆ.

ಅವರು ಪಡಸಾಲೆಯಲ್ಲಿ ಕೂರಲಿಲ್ಲ. ನಾನೊಬ್ಬಳೇ ಇದ್ದ ಅಡುಗೆಮನೆಗೆ ಬಂದು ಹೊಸ್ತಿಲಲ್ಲಿ ನಿಂತರು. ಹಾಗೆ ಅವರು ಎಂದೂ ಬಂದವರಲ್ಲ. ಮೇಲೆ ನೋಡಿದರು, ಗೋಡೆ ನೋಡಿದರು. ಗಾಳಿಯಲ್ಲಿ ಒಂದು ಸಲ ಕೈಯಾಡಿಸಿ, ಆ ಕೈಯನ್ನು ನೋಡಿಕೊಂಡರು.

"ಇಷ್ಟೇ ಇತ್ತೇನ?" ಎಂದರು.

ಆ ಮುಖ ನೋಡಿದ ಮೇಲೆ ನಾನು ಕೂಡಿಟ್ಟ ಮಾತಿನಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಸೆರಗು ಎಳೆದುಕೊಳ್ಳದೆ, ಅವರ ಮುಖವನ್ನೇ ನೋಡಿ, "ಹೌದ್ರಿ ಭಾವೋರ, ಇಷ್ಟೇ ಇತ್ತು," ಎಂದೆ. ಅವರು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ನಾನು ತಟ್ಟೆಗೆ ರೊಟ್ಟಿ ಹಾಕಿ ಮುಂದಿಟ್ಟೆ. ಅದು ಆರುವವರೆಗೂ ಅವರು ಕೈ ಹಚ್ಚಲಿಲ್ಲ.